ಅರಿಶಿನದ ಕುಲಾವಿ

ಇವತ್ತು ಬೆಳಿಗ್ಗೆ ಸೆರಗಿಗೆ ಸಾರು ಚೆಲ್ಲಿಕೊಂಡೆ. ಬಟ್ಟೆ ಸೋಪು ತಿಕ್ಕಿದ್ದೇ ತಡ, ಹಳದಿ ಕಲೆ ಕೆಂಪಗಾಯಿತು. ಇದರಲ್ಲೇನು ವಿಶೇಷ ಎನ್ನುತ್ತೀರಿ. ಅರಿಶಿನಕ್ಕೆ ಸೋಪು ಬಿದ್ದರೆ ಕೆಂಪಾಗುವುದು ನಿಮ್ಮ ಮನೆಯಲ್ಲೂ ಇದ್ದದ್ದೇ. ನಾನು ಮಾತ್ರ ಆ ಕಲೆ ನೋಡುತ್ತಾ, ನಲ್ಲಿ ತಿರುಗಿಸುವುದನ್ನೂ ಮರೆತು ನಿಂತುಬಿಟ್ಟೆ. ನನಗೆ ನಾಚಿಕೆಯಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ನನಗೆ ಹೆಣಿಗೆಯ ಹುಚ್ಚು ಹಿಡಿದಿತ್ತು. ಫೋನಿನಲ್ಲಿ ವಿಡಿಯೋ ನೋಡಿ ಕ್ರೋಶಾ ಕಲಿತೆ. ಮೂಡಲಪಾಳ್ಯದ ನಮ್ಮ ಬಾಡಿಗೆ ಮನೆಯಲ್ಲಿ ಮಿಕ್ಸಿಗೊಂದು ಅಂಗಿ, ಟೀವಿ ರಿಮೋಟಿಗೊಂದು ಚೀಲ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಒಂದು ಲಂಗ ಹೆಣೆದೆ. ಒಂದೇ ಕಡೆ ಹೆಚ್ಚು ಹೊತ್ತು ಕೂತರೆ ತನಗೂ ಏನಾದರೂ ಹೆಣೆದು ಹೊದಿಸಿಬಿಡುತ್ತಾಳೆ ಎಂದು ನನ್ನ ಗಂಡ ಹೆದರಿದ್ದರು. ಆಮೇಲೆ ಅಂಗಡಿಯ ಬಣ್ಣಗಳು ಸಪ್ಪೆ ಅನ್ನಿಸಿ, ಬಿಳಿ ಹತ್ತಿ ದಾರ ತಂದು ನಾನೇ ಬಣ್ಣ ಹಾಕತೊಡಗಿದೆ. ಬೀಟ್‌ರೂಟಿನ ಜೊತೆ ಬೇಯಿಸಿದ ದಾರ ಕುಕ್ಕರಿನಿಂದ ತೆಗೆದಾಗ ರಾಣಿ ಬಣ್ಣಕ್ಕಿತ್ತು. ಒಂದೇ ಸಲ ಒಗೆದದ್ದಕ್ಕೆ ಹಳೆಯ ಬನಿಯನ್ನಿನ ಬಣ್ಣಕ್ಕೆ ಬಂತು. ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದ ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟ ನನ್ನ ಗಂಡ, ದಾರಿಯುದ್ದಕ್ಕೂ ಕಾಫಿ ಬೇಕೆನಿಸುತ್ತದೆ ಎಂದು ಅರ್ಧಕ್ಕೇ ವಾಪಸು ಬಂದರು.

ಈ ಆಟದಲ್ಲಿ ನನ್ನ ಜೊತೆಗಾತಿ ಜಯಮ್ಮ. ಹೇರೋಹಳ್ಳಿಯಿಂದ ಬಂದು, ನಮ್ಮ ಮನೆಯಲ್ಲೂ ಕೆಳಗಡೆ ಓನರ್ ಸರೋಜಮ್ಮ ಆಂಟಿಯ ಮನೆಯಲ್ಲೂ ಪಾತ್ರೆ ಬಟ್ಟೆ ಮಾಡಿಕೊಡುತ್ತಿದ್ದರು. ಕೆಲಸಕ್ಕೆ ಹೋದ ಮನೆಗಳಿಂದೆಲ್ಲ ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆಗಳನ್ನು ನನಗಾಗಿ ಕವರಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಕುಕ್ಕರಿನ ಮುಚ್ಚಳ ತೆಗೆದಾಗ ನನಗಿಂತ ಮೊದಲು ಬಗ್ಗಿ ನೋಡುತ್ತಿದ್ದವರು ಅವರೇ.

ಆಂಟಿಯ ಮಗಳಿಗೆ ಗಂಡು ಮಗುವಾಯಿತು. ನಾಮಕರಣಕ್ಕೆಂದು ಅರಿಶಿನದಲ್ಲಿ ಕುದಿಸಿದ ದಾರದಿಂದ ಒಂದು ಕುಲಾವಿ, ಒಂದು ಪುಟ್ಟ ಸ್ವೆಟರು ಹೆಣೆದುಕೊಟ್ಟೆ. ಸೇವಂತಿಗೆಯಂಥ ಹಳದಿ. ಬಂದ ನೆಂಟರೆಲ್ಲ ಕೈಯಲ್ಲಿ ಹಿಡಿದು, ಇಂಥ ದಾರ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಡುಗೆಮನೆಯ ಡಬ್ಬಿಯ ಅರಿಶಿನ ಎನ್ನಲು ನಾಲಿಗೆ ಏಳಲಿಲ್ಲ. ಊಟಿಯಿಂದ ತರಿಸಿದ್ದು ಎಂದುಬಿಟ್ಟೆ. ತಮಾಷೆ ನೋಡಿ, ಅವತ್ತು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ, ಕೆಂಪು ಮಾಡಿ, ಮಗುವಿಗೆ ಆರತಿ ಎತ್ತಿದವಳೂ ನಾನೇ. ಸುಣ್ಣ ಮಾಡುವ ಕೆಲಸವನ್ನು ಸೋಪೂ ಮಾಡುತ್ತದೆ ಎಂಬುದು ಮಾತ್ರ ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಒಂದು ವಾರದ ಮೇಲೆ ಕೆಳಗೆ ಆಂಟಿಯ ದನಿ ಜೋರಾಯಿತೆಂದು ಇಳಿದುಹೋದೆ. ಬಕೆಟ್ಟಿನಲ್ಲಿ ಕುಲಾವಿ, ಸ್ವೆಟರು ಕೆಂಪು ಕೆಂಪಾಗಿ ಬಿದ್ದಿದ್ದವು. ಮಗುವಿನ ಬಿಳಿ ಬಟ್ಟೆಗಳಿಗೂ ಬಣ್ಣ ಹತ್ತಿತ್ತು.

"ನಿಮ್ಮನೆ ಬಟ್ಟೆನೂ ತಂದು ನಮ್ಮ ಮಗು ಬಟ್ಟೆ ಜೊತೆ ನೆನೆಸ್ತೀಯಾ? ಅದ್ರ ಬಣ್ಣ ತಾನೇ ಇದು? ಎಷ್ಟು ದಿನದಿಂದ ನಡೀತಿದೆ ಇದು?" ಎಂದು ಆಂಟಿ ಜಯಮ್ಮನನ್ನು ಕೇಳುತ್ತಿದ್ದರು.

ಹಾಗೆಲ್ಲ ಮಾಡುವವಳಲ್ಲ ಎಂದು ಜಯಮ್ಮ ಮೆಲ್ಲಗೆ ಹೇಳಿ, ನನ್ನ ಕಡೆ ನೋಡಿದರು. ನಾನು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಿದ್ದರೆ ನನ್ನ ಊಟಿಯೂ ಬಯಲಾಗುತ್ತಿತ್ತು. ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಮೆಟ್ಟಿಲು ಹತ್ತಿದೆ. ಹಾಲೂ ಇಟ್ಟಿರಲಿಲ್ಲ.

ಮರುದಿನದಿಂದ ಜಯಮ್ಮ ಎರಡೂ ಮನೆಗೆ ಬರಲಿಲ್ಲ. ಆಂಟಿ ಈ ಕಥೆಯನ್ನು ಬೀದಿಗೆಲ್ಲ ಹೇಳಿದ್ದರಿಂದ ಉಳಿದ ಮನೆಗಳೂ ಅವರ ಕೈಬಿಟ್ಟವು. ನಾನು ಹೆಣಿಗೆ ನಿಲ್ಲಿಸಿದೆ. ಯಾಕೆಂದು ಕೇಳಿದವರಿಗೆ ಕಣ್ಣು ಸರಿಯಿಲ್ಲ ಎಂದೆ. ಸುಳ್ಳು ಹೇಳಿ ಅಭ್ಯಾಸವಾಗಿತ್ತಲ್ಲ.

ಹೋದ ತಿಂಗಳು ಬ್ಯಾಡರಹಳ್ಳಿ ಬಸ್ಸಿನಲ್ಲಿ ಜಯಮ್ಮ ಸಿಕ್ಕಿದರು. ಅವರೇ ಸರಿದು ಪಕ್ಕದಲ್ಲಿ ಜಾಗ ಕೊಟ್ಟರು. ಈಗ ಯಾವುದೋ ಶಾಲೆಯಲ್ಲಿ ಆಯಾ ಅಂತೆ. ಕೇಳಿದ್ದಕ್ಕೆ ಫೋನ್ ನಂಬರೂ ಕೊಟ್ಟು, ನನ್ನದನ್ನೂ ಹಾಕಿಕೊಂಡರು. ಅವತ್ತು ಬಣ್ಣ ಬಿಟ್ಟದ್ದು ನನ್ನ ಅರಿಶಿನ ಎಂದು ತೊದಲುತ್ತಾ ಹೇಳಿದೆ.

"ಗೊತ್ತು ಬಿಡಿ ಅಕ್ಕ. ಬಟ್ಟೆ ಒಗೆಯೋಳಿಗೆ ಅಷ್ಟೂ ಗೊತ್ತಾಗಲ್ವಾ?"

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಾರೆ? ನೀವು ಹೇಳ್ತೀರ ಅಂತ ನೋಡ್ದೆ. ಈಗ ನನಗೆ ಹೇಳಿ ಏನ್ ಬಂತು ಅಕ್ಕ, ಅವ್ರಿಗೆ ಹೇಳಿ" ಎಂದರು.

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮೊದಲ ವಾರ ಆಂಟಿಗೆ ನೆಗಡಿಯಿತ್ತು, ಎರಡನೆಯ ವಾರ ಅವರ ಮನೆಗೆ ನೆಂಟರು ಬಂದಿದ್ದರು. ಮೂರನೆಯ ವಾರ ನೆಪ ಸಿಗದೆ, ನಾನು ಅವರ ಬಾಗಿಲ ಮುಂದೆ ಓಡಾಡುವುದನ್ನೇ ಕಡಿಮೆ ಮಾಡಿದೆ.

ಇವತ್ತು ಇಳಿದುಹೋದೆ. ಆಂಟಿ ಕಾಫಿಗೆ ಕರೆದರು. ಒಳಗೆ ಹೋಗದೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ, ಊಟಿಯನ್ನೂ ಸೇರಿಸಿ. ಅವರು ನಕ್ಕುಬಿಟ್ಟರು. ಅಷ್ಟು ಹಳೆಯದು ಈಗ್ಯಾಕಮ್ಮ, ಹೋಗಲಿ ಬಿಡು ಎಂದರು. ನಾಚಿಕೆಯ ವಿಷಯ ಹೇಳುತ್ತೇನೆ, ನನಗೆ ಒಂದು ಕ್ಷಣ ಹಾಯೆನಿಸಿತು. ನಾನೂ ನಗುವುದರಲ್ಲಿದ್ದೆ.

"ಜಯಮ್ಮಂಗೆ ಒಂದು ಫೋನ್ ಮಾಡಿ ಆಂಟಿ," ಎಂದೆ.

ಅವರ ನಗು ನಿಂತಿತು. ನಂಬರಿಲ್ಲವಲ್ಲ ಎಂದರು. ನನ್ನ ಫೋನಿನಿಂದಲೇ ನಂಬರು ಒತ್ತಿ, ರಿಂಗಾಗುತ್ತಿದ್ದ ಹಾಗೆಯೇ ಅವರ ಕೈಗೆ ಕೊಟ್ಟೆ. "ಹೇಳಿ ಅಕ್ಕ" ಎಂದ ಜಯಮ್ಮನ ದನಿ ನನಗೂ ಕೇಳಿಸಿತು. ಆಂಟಿ ಫೋನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಲ್ಲಿಂದ ಕದಲಲಿಲ್ಲ.