ಅನಸುಬಾಯಿ ಕೇಳಿದ ನೆರಳು

ಶಹಾಬಾದಿನ ಕಡೆಯ ಫರ್ಸಿಕಲ್ಲಿನ ಗಣಿಯಲ್ಲಿ ಕಲ್ಲು ಹೊತ್ತು ಮುದುಕಿಯಾದ ಅನಸುಬಾಯಿಗೆ ಮಕ್ಕಳ ಎಲ್ಲ ರೋಗಕ್ಕೂ ಗೊತ್ತಿದ್ದದ್ದು ಒಂದೇ ಔಷಧ: ಮೈತುಂಬ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಕೂಡಿಸುವುದು. ಮೊಮ್ಮಗಳು ಲುಂಬಿನಿಯ ಮುಖದ ಮೇಲೆ ಗುಳ್ಳೆ ಎದ್ದಾಗಲೂ ಅದನ್ನೇ ಮಾಡಿದಳು. ಗುಳ್ಳೆ ಹೆಚ್ಚಿದವು, ಮುದುಕಿ ಎಣ್ಣೆ ಹೆಚ್ಚಿಸಿದಳು. ಕೊನೆಗೆ ಕಲಬುರಗಿಯ ಡಾಕ್ಟರು, ಈ ಹುಡುಗಿಯ ಚರ್ಮಕ್ಕೆ ಬಿಸಿಲೇ ಆಗಿಬರೋದಿಲ್ಲ, ನೆರಳಲ್ಲೇ ಇಡಬೇಕು ಅಂದರು.

"ನಮ್ಮ ಕಡಿ ಬಿಸಲು ಬಿಟ್ರ ಮತ್ತೇನದರೀ ಸಾಹೇಬ್ರ?" ಎಂದು ಅವರನ್ನೇ ಬೈದು ಬಂದಳು. ಆದರೂ ಎಣ್ಣೆ ಬಾಟಲಿ ಅಟ್ಟ ಸೇರಿತು. ಲುಂಬಿನಿಗೆ ತುಂಬುತೋಳಿನ ಅಂಗಿ ಬಂತು, ತಲೆಗೆ ಅಜ್ಜಿಯ ಹಳೇ ಸೀರೆಯ ತುಂಡು ಬಂತು.

ಸಾಲಿಯ ಹೆಡ್‌ಮಾಸ್ತರರು ಮಾತ್ರ, ಮೊಮ್ಮಗಳನ್ನು ನೆರಳಲ್ಲಿ ನಿಲ್ಲಿಸಿರಿ ಎಂದು ಅಜ್ಜಿ ಕೇಳಿದರೆ ಒಪ್ಪಲಿಲ್ಲ. "ಪ್ರಾರ್ಥನಿಗಿ ಎಲ್ಲಾರೂ ಬಯಲಾಗೇ ನಿಂದ್ರಬೇಕು. ಒಬ್ಬಾಕಿಗಿ ನೆಳ್ಳು ಕೊಟ್ರ ಎಲ್ಲಾರೂ ಕೇಳ್ತಾರ" ಅಂದರು.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಅನಸುಬಾಯಿ ಬಂದವಳೇ, ಬೇವಿನ ಮರದ ಕೆಳಗೆ ನಿಂತಿದ್ದ ಹೆಡ್‌ಮಾಸ್ತರರ ಪಕ್ಕದಲ್ಲೇ ಮೊಮ್ಮಗಳನ್ನು ನಿಲ್ಲಿಸಿ, ಬಯಲಿನ ಹುಡುಗರಿಗೆಲ್ಲ ಕೇಳುವ ಹಾಗೆ ಅಂದಳು:

"ನಮ್ಮ ಹುಡುಗಿಗಿ ಬ್ಯಾನಿ ಅದ, ನೆಳ್ಳಾಗ ನಿಂತಾಳ. ನಿಮಗೇನು ಬ್ಯಾನಿ ಅದರೀ ಸರ?"