ಕೊಳ ತೋಡಿಸಿದ ರಾಣಿಯ ತವರೂರು

ಮದುವೆಯಾಗಿ ಆದವಾನಿಗೆ ಬಂದ ಮೂರನೇ ದಿನವೇ ನನ್ನನ್ನು ಕೋಟೆ ಬೆಟ್ಟ ಹತ್ತಿಸಿದರು. ಹತ್ತಿಸಿದವರು ನಮ್ಮ ಮಾವನವರ ಅಕ್ಕ. ನನ್ನ ಗಂಡನ ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಗಂಡ ಸತ್ತ ಮೇಲೆ ತವರಿಗೆ ಬಂದು ನೆಲೆಸಿದ್ದ ಈ ಹಿರಿಯಾಕೆಯೇ ಮನೆ ನಡೆಸುತ್ತಿದ್ದರು. ನಾನು ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ.

ಹತ್ತಿ ಮಾರಲು ಬಂದ ನೆಂಟರು, ರೈಲು ತಪ್ಪಿಸಿಕೊಂಡವರು, ಹರಕೆ ತೀರಿಸಿ ಹೊರಟವರು, ಯಾರೇ ನಮ್ಮ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿದರೂ ಅತ್ತೆ ಅವರನ್ನು ಬೆಟ್ಟ ತೋರಿಸದೆ ಕಳಿಸುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದರೆ ಹಿಂದಿನವರು ಏದುಸಿರು ಬಿಡುತ್ತ ಓಡಬೇಕಿತ್ತು. ಬುತ್ತಿಯ ಗಂಟು ಹೊತ್ತು ಎಲ್ಲರಿಗಿಂತ ಹಿಂದೆ ನಾನು. ಮೂರು ವರ್ಷದಲ್ಲಿ ಎಷ್ಟು ಸಲ ಹತ್ತಿದೆನೋ, ಲೆಕ್ಕವಿಲ್ಲ.

ಅತ್ತೆಗೆ ಓದು ಬರುತ್ತಿರಲಿಲ್ಲ. ಕೋಟೆ ಕಟ್ಟಿದವರು ಯಾರು, ಕೆಡವಿದವರು ಯಾರು ಎಂಬುದರ ಬಗ್ಗೆ ಅವರಿಗೆ ಚಿಂತೆಯೂ ಇರಲಿಲ್ಲ. ನೆಂಟರು ಜಟಕಾದಿಂದ ಇಳಿಯುವಾಗ ಅತ್ತೆ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಪಾದಗಳನ್ನು.

"ಹಿಮ್ಮಡಿ ಒಡೆದಾವ ಅಂದ್ರ ಹೊಲದ ಕಾಲು, ಚಿಂತಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳುವರು. "ಇಗೋ, ಆ ಬೂಟಿನವರನ್ನ ನೋಡು. ಅವರಿಗೆ ಐದು ಕಥಿ ಬೇಕಾಗ್ತಾವ."

ಐದು ಕಥೆ ಎಂದರೆ ಐದು ಕಡೆ ಕೂರುವುದು ಎಂದರ್ಥ. ನೆಂಟರ ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲೇ ಅತ್ತೆಯ ಕಥೆ ಹುಟ್ಟುತ್ತಿತ್ತು. ದಣಿದವರಿಗೆ "ಕೂತುಕೊಳ್ಳಿ" ಎಂದರೆ ಮಾನ ಹೋಗುತ್ತದೆ. "ಇಲ್ಲೊಂದು ನಡೀತು ನೋಡ್ರಿ" ಎಂದರೆ ತಾವಾಗಿಯೇ ಕೂರುತ್ತಾರೆ. ಹರೆಯದವರು ಬಂದರೆ ಕೋಟೆಯ ಚರಿತ್ರೆ ಎರಡೇ ಮಾತಿನಲ್ಲಿ ಮುಗಿಯುವುದು. ಮುದುಕರು ಬಂದ ದಿನ ಅದೇ ಕೋಟೆಗೆ ಇನ್ನೂ ನಾಲ್ಕು ರಾಜರು ಹೆಚ್ಚಾಗುತ್ತಿದ್ದರು.

ಇನ್ನೊಂದು ಗುಟ್ಟು ನನಗೆ ತಿಳಿದದ್ದು ತಡವಾಗಿ. ಬೆಟ್ಟದ ಮೇಲೆ ಕಲ್ಲು ಕಟ್ಟಡದ ಒಂದು ಕೊಳವಿದೆ. ಅದನ್ನು ತೋಡಿಸಿದವಳು ಒಬ್ಬ ರಾಣಿ ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ಆ ರಾಣಿ ಮಾತ್ರ ಪ್ರತಿ ಸಲವೂ ಕೇಳುವವರ ಊರಿನವಳೇ ಆಗಿರುತ್ತಿದ್ದಳು. ಚಿಪ್ಪಗಿರಿಯವರಿಗೆ ಚಿಪ್ಪಗಿರಿಯ ಮಗಳು, ಪೆದ್ದಕಡುಬೂರಿನವರಿಗೆ ಪೆದ್ದಕಡುಬೂರಿನ ಮಗಳು. ಕೇಳಿದವರು ಮುಖ ಅರಳಿಸಿ, ಉಳಿದ ಮೆಟ್ಟಿಲುಗಳನ್ನು ಸ್ವಂತ ಮನೆಯ ಮೆಟ್ಟಿಲಿನಂತೆ ಹತ್ತಿಬಿಡುತ್ತಿದ್ದರು.

ನನ್ನ ನಾದಿನಿಯನ್ನು ನೋಡಲು ಬಳ್ಳಾರಿಯಿಂದ ಗಂಡಿನವರು ಬರುವುದಕ್ಕೆ ಎರಡು ದಿನ ಮುಂಚೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆ ಜಾರಿಬಿದ್ದರು. ಕಾಲು ಉಳುಕಿ ಕುಂಬಳಕಾಯಿಯಂತೆ ಊದಿತು.

ಗಂಡಿನ ಕಡೆಯಿಂದ ಬಂದವರು ಮೂವರು: ವರ, ಅವನ ತಂದೆ, ಅಜ್ಜಿ. ಬೆಳಿಗ್ಗೆ ಹೆಣ್ಣು ನೋಡಿ, ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ತಿಂದು, ವರನ ತಂದೆ ಬಾಯಿ ಒರೆಸಿಕೊಂಡರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಎಲ್ಲವನ್ನೂ ತೀರ್ಪು ಕೊಡುವವರಂತೆ ಹೇಳುತ್ತಿದ್ದರು.

"ನಮ್ಮ ಮಾತು ಸಂಜೀಗೆ ಹೇಳ್ತೀವಿ. ರೈಲಿಗೆ ಇನ್ನೂ ಹೊತ್ತೈತಿ. ಅಲ್ಲೀತನ ಕೋಟಿ ನೋಡಿ ಬರೋಣು. ಹಿಂದಕ ಒಮ್ಮಿ ನಿಮ್ಮ ದೊಡ್ಡಮ್ಮಾರು ತೋರಿಸಿದ್ರು, ಮರೆಯಂಗಿಲ್ಲ."

ಅತ್ತೆ ಗೋಡೆಗೊರಗಿ, ಕಾಲಿಗೆ ಅರಿಶಿನ ಸುಣ್ಣ ಹಚ್ಚಿಕೊಂಡು ಕುಳಿತಿದ್ದರು. ನನ್ನನ್ನು ಕರೆದು, "ಈ ಸಲ ನೀನ ಮುಂದ ನಡಿ" ಎಂದರು. "ಅಜ್ಜೀನ ಎಲ್ಲಾರಿಗಿಂತ ಮುಂದ ಬಿಡು. ಆಕಿ ನಡದಷ್ಟ ನಡೀರಿ."

ನನ್ನ ಗಂಡನೂ ಜೊತೆಗೆ ಬಂದ. ಅವನು ಶಾಲೆಯ ಮಾಸ್ತರ; ಪಾಠ ಬಿಟ್ಟರೆ ಬೇರೆ ಮಾತು ಬಾರದವನು. ನೀರಿನ ಕೊಡ ಅವನ ಪಾಲಿಗೆ ಬಂತು. ಇನ್ನೇನು ಹೊರಡಬೇಕು, ಬಾಗಿಲಲ್ಲಿ ಎತ್ತಿನ ಬಂಡಿ ನಿಂತಿತು. ಇಳಿದವರು ನಾದಿನಿಯ ಸೋದರಮಾವ. ಹೊಳೆ ದಂಡೆಯ ನಾಗಲದಿನ್ನೆಯ ರೈತರು, ಧಡೂತಿ ಆಳು. ಅವರು ಒಪ್ಪದೆ ಈ ಮನೆಯ ಹುಡುಗಿಯ ಲಗ್ನ ನಡೆಯುವಂತಿರಲಿಲ್ಲ.

"ಕೋಟಿಗಾ? ಪದಂಡಿ, ನಡೀರಿ, ನಾನೂ ಬರ್ತೀನಿ" ಎಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಹೇಳಿ, ಬಂಡಿಯಿಂದ ಇಳಿದವರು ಹಾಗೆಯೇ ಹೊರಟರು.

ಅತ್ತೆಯ ಮುಖ ಕಪ್ಪಿಟ್ಟಿತು. ಕುಳಿತಲ್ಲಿಂದಲೇ, "ಕೊಳದ ಕಡೆ ಬ್ಯಾಡ!" ಎಂದು ಕೂಗಿದರು. ಯಾಕೆಂದು ನನಗೆ ಹೊಳೆದದ್ದು ಅರ್ಧ ಬೆಟ್ಟ ಹತ್ತಿದ ಮೇಲೆ. ಈ ಸೋದರಮಾವನಿಗೂ ಅತ್ತೆ ಒಮ್ಮೆ ಕೊಳ ತೋರಿಸಿದ್ದರು. ಹೊಳೆ ನೋಡುತ್ತ ಬೆಳೆದ ನಾಗಲದಿನ್ನೆಯ ಹುಡುಗಿ, ನೀರಿಲ್ಲದ ಈ ಕಲ್ಲುಬೆಟ್ಟದಲ್ಲಿ ಅತ್ತೂ ಅತ್ತೂ ಕೊಳ ತೋಡಿಸಿಕೊಂಡಳಂತೆ. ಆ ಕಥೆ ಕೇಳಿ ಅವರು ಕಣ್ಣೀರು ಹಾಕಿದ್ದನ್ನು ನಾನೇ ನೋಡಿದ್ದೆ.

ಕೊಳ ತಪ್ಪಿಸಿ ಎಡಗಡೆಯ ಹಾದಿ ಹಿಡಿಯಬೇಕೆಂದಿದ್ದೆ. ಅಷ್ಟರಲ್ಲಿ ಅಜ್ಜಿ, "ಯವ್ವಾ, ನೆಳ್ಳು ಎಲ್ಲೈತಿ? ಕಾಲು ತೊಳಕೋಬೇಕು" ಎಂದರು. ನೆರಳು, ನೀರು ಎರಡೂ ಇದ್ದ ಜಾಗ ಆ ಬೆಟ್ಟದಲ್ಲಿ ಒಂದೇ. ಅಜ್ಜಿಯ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

ಕೊಳದ ಕಟ್ಟೆಯ ಮೇಲೆ ಕೂರುತ್ತಲೇ ವರನ ತಂದೆ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮಗನ ಕಡೆ ತಿರುಗಿದರು.

"ನೋಡಪಾ, ಈ ಕೊಳ ತೋಡಿಸಿದಾಕಿ ನಮ್ಮ ಬಳ್ಳಾರಿ ಮಗಳು."

ಸೋದರಮಾವ ಕಾಲು ತೊಳೆಯುತ್ತಿದ್ದವರು ಹಾಗೆಯೇ ನಿಂತರು. "ಅದೆಟ್ಲಾ ಆಗ್ತೈತಿ? ಆಕಿ ನಮ್ಮ ನಾಗಲದಿನ್ನಿಯಾಕಿ."

"ಯಾರು ಹೇಳಿದ್ರು ನಿಮಗ?"

"ಈ ಮನಿ ದೊಡ್ಡಮ್ಮಾರು ಹೇಳ್ಯಾರ."

"ನನಗೂ ಅವರ ಹೇಳ್ಯಾರ!"

ಇಬ್ಬರೂ ನನ್ನ ಕಡೆ ತಿರುಗಿದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಇಬ್ಬರು ರಾಣಿಯರು ಇದ್ರುರೀ. ಒಬ್ಬಾಕಿ ಕೊಳ ತೋಡಿಸಿದ್ಲು, ಇನ್ನೊಬ್ಬಾಕಿ ಮೆಟ್ಟಲ ಕಟ್ಟಿಸಿದ್ಲು."

ಚೆನ್ನಾಗಿಯೇ ಹೇಳಿದೆನೆಂದು ಒಂದು ಗಳಿಗೆ ಹಿಗ್ಗಿದೆ. ಆದರೆ ಗುಮಾಸ್ತರ ತಲೆ ಕೋರ್ಟಿನ ತಲೆ.

"ಹಂಗಾರ ಹಿರೇ ಹೆಂಡ್ತಿ ಯಾರು?"

"ನಮ್ಮಾಕೀನ ಹಿರೇಕಿ" ಎಂದರು ಸೋದರಮಾವ.

"ಇರಲಿ. ಹಿರೇಕಿ ಮನ್ಯಾಗ ಇದ್ದಮ್ಯಾಲ ಇನ್ನೊಬ್ಬಾಕೀನ ಯಾಕ ತಂದ? ಏನೋ ಒಂದು ಕೊರತಿ ಇದ್ದಿರಬೇಕು."

ಸೋದರಮಾವನ ಮೀಸೆ ನಡುಗಿತು. "ನಮ್ಮ ಊರ ಹೆಣ್ಮಕ್ಕಳಾಗ ಕೊರತಿಯಾ? ನನ್ನ ತಂಗಿ ಹುಟ್ಟಿದ ಊರು ಅದು. ಆಕಿ ಮಗಳನ್ನ ನೋಡಾಕ ಬಂದು, ಆಕಿ ಮನಿ ಅನ್ನ ಉಂಡು, ಕೊರತಿ ಅಂತೀರಾ?"

ಆಗ ನನ್ನ ಗಂಡ, ಬೆಳಗಿನಿಂದ ತುಟಿ ಬಿಚ್ಚದವನು, ಕೊಡ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ. "ಚರಿತ್ರೆ ಪ್ರಕಾರ ನೋಡಿದರೆ, ಯಾವ ರಾಣಿಗೂ ಇದಕ್ಕೂ ಸಂಬಂಧ ಇಲ್ಲ."

ಅದುವರೆಗೆ ಒಬ್ಬರ ಮೇಲೊಬ್ಬರು ಕೂಗುತ್ತಿದ್ದ ಇಬ್ಬರೂ ಈಗ ಒಟ್ಟಾಗಿ ಅವನ ಮೇಲೆ ಬಿದ್ದರು. "ನಿಮ್ಮ ಮನಿ ಹಿರಿಯಾಕಿ ಸುಳ್ಳು ಹೇಳ್ಯಾಳಂತೀಯೇನು?" ಎಂದು ಒಬ್ಬರು, "ನಾಲ್ಕಕ್ಷರ ಕಲಿತು ದೊಡ್ಡವನಾದೆಯಾ?" ಎಂದು ಇನ್ನೊಬ್ಬರು. ಅವನು ಮತ್ತೆ ಕೊಡ ಎತ್ತಿಕೊಂಡ. ಗುಮಾಸ್ತರು ಪೇಟ ಸುತ್ತಿಕೊಳ್ಳತೊಡಗಿದರು. ಸೋದರಮಾವ ಚಪ್ಪಲಿ ಮೆಟ್ಟಿದರು. ಮನೆಯಲ್ಲಿ ಹೊಸ ಸೀರೆ ಉಟ್ಟು, ಬಾಗಿಲ ಸಂದಿಯಿಂದ ವರನನ್ನು ನೋಡಿ ನನಗೆ "ಅತ್ತಿಗಿ, ಚಲೋ ಅದಾನ" ಎಂದಿದ್ದ ಹುಡುಗಿ ಕಣ್ಣ ಮುಂದೆ ಬಂದಳು.

"ನನಗ ಗೊತ್ತಿಲ್ರಿ" ಎಂದೆ. ದನಿ ಅಳುವಿನಂತೆ ಬಂತು. "ಕೊಳ ಯಾರು ತೋಡಿಸಿದ್ರೋ ನನಗೂ ಗೊತ್ತಿಲ್ಲ, ನಮ್ಮ ಅತ್ತೆಗೂ ಗೊತ್ತಿಲ್ಲ. ಯಾವ ಊರವರು ಬಂದ್ರ ಆ ಊರ ರಾಣಿ ಅಂತಾರ. ದಣಿದವರಿಗೆ ಖುಷಿ ಆಗಲಿ ಅಂತ ರೀ, ಅಷ್ಟ."

ಕೊಳದ ಅಂಚಿನಿಂದ ಕಿಸಕ್ಕೆಂದು ಸದ್ದು ಬಂತು. ನೀರಲ್ಲಿ ಕಾಲು ಬಿಟ್ಟು ಕುಳಿತಿದ್ದ ಅಜ್ಜಿ ನಗುತ್ತಿದ್ದರು. ಬೊಚ್ಚುಬಾಯಿಯ ನಗು, ನಿಲ್ಲುವಂತಿರಲಿಲ್ಲ.

"ನನ್ನಂಥ ಮುದುಕೇರು ಬಂದ್ರ ಏನ್ ಹೇಳ್ತಾಳ ಆಕಿ?"

"ಅಗೋ, ಆ ಬಂಡಿಗಲ್ಲಿನ ಮ್ಯಾಲ ರಾಜನ ತಾಯಿ ಕೂತು ಮಗಗ ಬೈತಿದ್ಲು ಅಂತಾರ್ರಿ."

ಅಜ್ಜಿ ಎದ್ದು, ಸೀರೆ ಜಾಡಿಸಿ, ನೇರ ಹೋಗಿ ಆ ಬಂಡೆಯ ಮೇಲೆ ಕುಳಿತರು.

"ಏ ಮಗನ, ಸತ್ತ ರಾಣಿ ಸಲುವಾಗಿ ಜೀವಂತ ಹುಡುಗಿ ಲಗ್ನ ಕೆಡಸ್ತೀಯೇನು? ಪೇಟ ಇಳಿಸು. ಏ ನಾಗಲದಿನ್ನಿ ಗೌಡ, ನೀನೂ ಕೂಡು. ಹೊಟ್ಟಿ ಹಸ್ದಿದ್ದಕ್ಕ ಇದೆಲ್ಲಾ. ಹುಡುಗೀ, ಬುತ್ತಿ ಬಿಚ್ಚು."

ಬಿಚ್ಚಿದೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಮೊದಲ ರೊಟ್ಟಿ ಮುಗಿಯುವವರೆಗೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದರು. ಎರಡನೆಯದಕ್ಕೆ ಸೋದರಮಾವ ಚಟ್ನಿಯನ್ನು ಆ ಕಡೆ ಸರಿಸಿದರು. ಮೂರನೆಯದಕ್ಕೆ ಗುಮಾಸ್ತರು, "ಹೆಂಗ ನಂಬಿದ್ವಿ ನೋಡ್ರಿ ನಾವು" ಎಂದರು. "ನಾನು ಅತ್ತಿದ್ದೆನಯ್ಯಾ!" ಎಂದು ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಸುಳ್ಳುಗಾರ್ತಿ ಎಂಬ ಒಂದು ಮಾತಿನಲ್ಲಿ ಇಬ್ಬರಿಗೂ ಒಮ್ಮತವಾಯಿತು. ಇಳಿಯುವಾಗ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡಿದ್ದರು.

ಮನೆಗೆ ಬಂದು ಇಬ್ಬರೂ ಅತ್ತೆಯ ಮುಂದೆ ನಿಂತು ವಿಚಾರಣೆ ಶುರುಮಾಡಿದರು. ಅತ್ತೆ ಊದಿದ ಕಾಲು ನೀವಿಕೊಳ್ಳುತ್ತ, "ಹೌದ್ರಿ, ಹೇಳೀನಿ. ಕೇಳಿದಮ್ಯಾಲ ಕಾಲುನೋವು ಹೋತೋ ಇಲ್ಲೋ?" ಎಂದರು.

"ಹೋತು. ಆದರ ಬಳ್ಳಾರಿಯಾಗ ಊರಿಗೆಲ್ಲಾ ಹೇಳಿಕೊಂಡೀನಲ್ರೀ! ಈಗೇನು ಮಾಡ್ಲಿ?"

"ಹೇಳ್ತಾನ ಇರ್ರಿ. ರಾಣಿ ಏನು ಬಂದು ಇಲ್ಲಂತಾಳೇನು?"

ರೈಲಿಗೆ ಹೊರಡುವ ಮುಂಚೆ ಗಂಡಿನವರು ಒಪ್ಪಿಗೆ ಕೊಟ್ಟರು. ಅವರನ್ನು ಬೀಳ್ಕೊಟ್ಟ ಮೇಲೆ ಅತ್ತೆ ಬೆಟ್ಟದ ಮೇಲೆ ನಡೆದದ್ದನ್ನೆಲ್ಲ ನನ್ನಿಂದ ಹೇಳಿಸಿಕೊಂಡರು. "ಗೊತ್ತಿಲ್ಲ ಅಂದ್ಯಾ?" ಎಂದು ನನ್ನನ್ನು ಹತ್ತಿರ ಕೂರಿಸಿಕೊಂಡು, "ನಾನು ಎಂದೂ ಅಂದಿಲ್ಲ ನೋಡು. ನಿನ್ನ ಬಾಯಾಗ ಒಪ್ಪತೈತಿ ಬಿಡು" ಎಂದರು.

ತಿಂಗಳಲ್ಲಿ ಬಾವು ಇಳಿಯಿತು. ಆದರೂ ನೆಂಟರು ಬಂದಾಗಲೆಲ್ಲ ಅತ್ತೆಯ ಕಾಲು ನೋಯುತ್ತಿತ್ತು, ನಾನೇ ಕರೆದೊಯ್ಯಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ನೀರಿಗೆ ಹೋದವಳು ನೋಡುತ್ತೇನೆ, ಅತ್ತೆ ಉಡಿಯ ತುಂಬ ಸೀತಾಫಲ ತುಂಬಿಕೊಂಡು ಬೆಟ್ಟದಿಂದ ದಡದಡ ಇಳಿದು ಬರುತ್ತಿದ್ದಾರೆ. ನನ್ನನ್ನು ಕಂಡ ಕೂಡಲೇ ಕುಂಟತೊಡಗಿದರು. ಕುಂಟುವ ಕಾಲು ಬೇರೆಯದಾಗಿತ್ತು. ನಾನು ಹಣ್ಣು ಇಸಿದುಕೊಂಡೆ.

ಮದುವೆಯ ನಂತರದ ಮೊದಲ ದೀಪಾವಳಿಗೆ ನಾದಿನಿ ಗಂಡನೊಂದಿಗೆ ಬಂದಳು. ಅವತ್ತು ಕೊಳದ ಹತ್ತಿರ ಒಂದು ಮಾತೂ ಆಡದೆ ಕುಳಿತಿದ್ದ ಆ ಹುಡುಗ ನಾಚುತ್ತ, "ಅಕ್ಕಾರ, ಇನ್ನೊಮ್ಮಿ ಬೆಟ್ಟ ನೋಡಬೇಕಂತ ಐತ್ರಿ" ಎಂದ. ನಾನು ಹುರುಪಿನಿಂದ ಸೆರಗು ಸಿಕ್ಕಿಸಿಕೊಂಡು ಎದ್ದೆ. ನಾದಿನಿ ತಲೆ ತಗ್ಗಿಸಿ ಕಾಲುಂಗುರ ತಿರುವುತ್ತಿದ್ದಳು. ಅವಳ ಮುಖ ಒಮ್ಮೆ ನೋಡಿ, ಬುತ್ತಿಯನ್ನು ಅವಳ ಕೈಗೆ ಕೊಟ್ಟು, ನಾನು ಅಕ್ಕಿ ಆರಿಸುತ್ತ ಮನೆಯಲ್ಲೇ ಕುಳಿತೆ.