ಅಂಬುಜಾ ಟೀಚರು ಕೇಳದ ಸಾಲು

ಕಳಸದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅಂಬುಜಾ ಟೀಚರು ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸುತ್ತಾರೆ ಎಂಬುದು ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮದುವೆಯಾದವರಲ್ಲ. ಹೊರನಾಡಿನ ದಾರಿಯಲ್ಲಿ ಬಾಡಿಗೆ ಮನೆ, ಒಂದು ಹಾರ್ಮೋನಿಯಂ. ಊರಿನ ಮಕ್ಕಳು ಬಂದು ಶಾಲಾ ವಾರ್ಷಿಕೋತ್ಸವಕ್ಕೆ ಬೇಕಾದಷ್ಟು ಹಾಡು ಕಲಿತು ಹೋಗುತ್ತಾರೆ.

ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿ ಮೇಲಿನ ಷಡ್ಜವನ್ನು ದಾಟುವುದಿಲ್ಲ. ಆದರೆ ಆಮೇಲೆ ರಚಿಸಿದ ಕಲ್ಯಾಣಿ ರಾಗದ ಕೃತಿಯೊಂದರ ಕೊನೆಯ ಭಾಗದಲ್ಲಿ, ಅಂದರೆ ಚರಣದಲ್ಲಿ, ನೀರು ಮುಗಿಲಾಗಿ ಏರುವ ಸಾಲೊಂದಿದೆ. ಅದು ಆ ಷಡ್ಜಕ್ಕೂ ನಾಲ್ಕು ಸ್ವರ ಮೇಲೆ, ತಾರಸ್ಥಾಯಿಯ ಪಂಚಮದವರೆಗೆ ಹೋಗಿ ನಿಧಾನವಾಗಿ ಇಳಿಯಬೇಕು. ಹಾರ್ಮೋನಿಯಂ ಸ್ವರಗಳನ್ನು ಕೊಡುತ್ತದೆ, ಅವುಗಳ ನಡುವಿನ ಜಾರುವಿಕೆಯನ್ನು ಕೊಡುವುದಿಲ್ಲ. ಹೀಗಾಗಿ ತಾವೇ ಬರೆದ ಆ ಸಾಲನ್ನು ಟೀಚರು ಕೇಳಿಯೇ ಇರಲಿಲ್ಲ. ಅದು ಸರಿಯಾಗಿದೆಯೋ ಇಲ್ಲವೋ ತಿಳಿಯಲು ಇನ್ನೊಂದು ಕಂಠ ಬೇಕಿತ್ತು.

ಹೋದ ಜನವರಿಯಲ್ಲಿ ಅವರ ಹಳೆಯ ವಿದ್ಯಾರ್ಥಿ, ಈಗ ಬಾಳೆಹೊಳೆಯ ಬಳಿ ಕಾಫಿ ಎಸ್ಟೇಟು ನಡೆಸುವ ದಿಲೀಪ್, ಮನೆಗೆ ಬಂದರು.

"ಟೀಚರೇ, ಮಂಗ್ಳೂರು ಕಡೆ ಬೀಚಲ್ಲಿ ಸಂಗೀತೋತ್ಸವ. ನಂದೇ ಸ್ಪಾನ್ಸರ್. ಈ ಸಲ ನಿಮ್ಮ ಹಾಡು ಹಾಡಿಸ್ತೀನಿ."

"ನಿಂಗೆ ಸಂಗೀತ ಯಾವಾಗ ಬಂತೋ?"

"ಬರಲ್ಲ ಅಂತ್ಲೇ ಅಲ್ವಾ ಸ್ಪಾನ್ಸರ್ ಆಗಿರೋದು!"

ಟೀಚರು ಕಲ್ಯಾಣಿಯ ಸ್ವರಲಿಪಿಯನ್ನೇ ಕಳಿಸಿದರು. ಗಾಯಕಿ ವಂದನಾ ಫೋನು ಮಾಡಿ ಒಂದೆರಡು ಸಂದೇಹ ಕೇಳಿದರು. ಆ ಸಾಲನ್ನು ಒಮ್ಮೆ ಹಾಡಿ ತೋರಿಸಿ ಎನ್ನಲು ಟೀಚರಿಗೆ ಸಂಕೋಚವಾಯಿತು. ಹೇಗೂ ಉತ್ಸವದಲ್ಲಿ ಕೇಳಬಹುದಲ್ಲ.

ಉತ್ಸವದ ಸಂಜೆ ಮೊದಲು ದಿಲೀಪರಿಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಮೂವರು ಗಣ್ಯರ ಭಾಷಣ. ದಿಲೀಪರೂ ಮೈಕು ಹಿಡಿದು ಟೀಚರನ್ನು ಮನಸಾರೆ ಹೊಗಳಿದರು. ಅಷ್ಟರಲ್ಲಿ ಕಚೇರಿಯ ಅರ್ಧ ಸಮಯ ಹೋಗಿತ್ತು. ವಂದನಾ ಪಲ್ಲವಿ, ಅನುಪಲ್ಲವಿ ಹಾಡುವಾಗ ಟೀಚರು ಮುಂದಿನ ಸಾಲಿನ ಕುರ್ಚಿಯಲ್ಲಿ ತಾಳ ಹಾಕುತ್ತಿದ್ದರು. ಆಗ ಸಂಘಟಕರೊಬ್ಬರು ವೇದಿಕೆಯ ಅಂಚಿಗೆ ಬಂದು ಕೈಗಡಿಯಾರ ತೋರಿಸಿದರು. ವಂದನಾ ಮುಂದೆ ಹೋಗದೆ ಪಲ್ಲವಿಗೇ ನಾಲ್ಕು ಆವರ್ತ ಸ್ವರ ಹಾಕಿ ಮುಗಿಸಿದರು. ಜೋರು ಚಪ್ಪಾಳೆ. ಟೀಚರ ಕೈ ಮಾತ್ರ ತಾಳದ ಅರ್ಧಕ್ಕೇ ತೊಡೆಯ ಮೇಲೆ ನಿಂತಿತ್ತು.

"ಚರಣ ಬಿಡ್ಬೇಕಾಯ್ತು ಅಮ್ಮಾ, ಟೈಮೇ ಕೊಡ್ಲಿಲ್ಲ," ಎಂದು ವಂದನಾ ಕಾಲು ಮುಟ್ಟಿ ನಮಸ್ಕರಿಸಿ, ಕಾಯುತ್ತಿದ್ದ ಕಾರು ಹತ್ತಿದರು.

ಮರುದಿನ ಬೆಳಿಗ್ಗೆ ದಿಲೀಪ್ ಓಡಿಸುತ್ತಿದ್ದ ಜೀಪು ಊರಿನ ಕಡೆ ಚಾರ್ಮಾಡಿ ಘಾಟಿ ಏರುತ್ತಿತ್ತು.

"ಖುಷಿ ಆಯ್ತಾ ಟೀಚರೇ?"

"ಚರಣ ಹಾಡ್ಲಿಲ್ಲ ಕಣೋ."

"ಹೌದಾ? ಪೂರ್ತಿ ಆಯ್ತು ಅನ್ಕೊಂಡೆ."

"ಶಾಲೇಲೂ ನೀನು ಕೊನೇ ಪಾಠ ಓದ್ತಾ ಇರ್ಲಿಲ್ಲ ಬಿಡು."

ದಿಲೀಪ್ ನಕ್ಕರು. ಅಷ್ಟರಲ್ಲಿ ಎಸ್ಟೇಟಿನ ಕೆಲಸ, ಲೆಕ್ಕ ನೋಡುವ ರೈಟರ ಫೋನು ಬಂತು. ಮೋಡ ಕವಿದಿದೆ, ಕಣದಲ್ಲಿ ಕಾಫಿ ಒಣಗಲು ಹಾಕಿದೆ. "ಟಾರ್ಪಾಲ್ ಎಳೀರಿ ಮಾರಾಯ್ರೆ, ನನ್ನೇನು ಕೇಳ್ತೀರಿ!" ಎಂದು ಫೋನಿಟ್ಟು, ಟೀಚರ ಕಡೆ ತಿರುಗಿದರು. "ಈಗ ಹಾಡಿ ಅದನ್ನ. ನಾನೊಬ್ಬನಾದ್ರೂ ಕೇಳ್ತೀನಿ."

ಟೀಚರು ಬೇಡವೆನ್ನಲಿಲ್ಲ. ಗಂಟಲು ಸರಿಮಾಡಿಕೊಂಡು ಚರಣ ಎತ್ತಿಕೊಂಡರು. ಎರಡನೆಯ ಗೇರಿನ ಸದ್ದಿನ ನಡುವೆ ಮೊದಲ ಸಾಲುಗಳು ಬಂದವು. ನಂತರ ನೀರಿನ ಸಾಲು ಏರತೊಡಗಿತು. ಷಡ್ಜ ಮುಟ್ಟಿತು. ಅಲ್ಲಿಗೆ ದನಿ ನಿಂತಿತು. ಟೀಚರು ಬಾಯಿ ತೆರೆದೇ ಇನ್ನೊಂದು ಕ್ಷಣ ಯತ್ನಿಸಿದರು. ಬರಿಯ ಉಸಿರು ಹೊರಬಂತು.

ದಿಲೀಪ್ ತಲೆದೂಗಿದರು. "ಭಾರಿ ಚೆನ್ನಾಗಿ ಮುಗಿಸಿದೀರಿ ಟೀಚರೇ. ಒಂಚೂರೂ ಎಳೆದಾಡಿಲ್ಲ."

ಟೀಚರು ಅವರ ಮುಖ ನೋಡಿದರು. ದಿಲೀಪ್ ನಿಜವಾಗಿಯೂ ಮೆಚ್ಚಿಕೊಂಡಿದ್ದರು.

"ತಿರುವು ಬಂತು," ಎಂದರು ಟೀಚರು. "ಮುಂದೆ ನೋಡಿ ಓಡ್ಸು."